ಕಲಬುರಗ್ಯಾಗ ಕುಂತು ಜಪಾನೀಸ್ ಮಾತಾಡ್ಲಿಕ್ಕ ಕಲೀಬಹುದೇನ್ರಿ?

ತೊಗರಿಬ್ಯಾಳಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ್ರಿ. ನಾ ಪಿಯುಸಿ ಫಸ್ಟ್ ಇಯರ್, ಸೈನ್ಸ್. ಹತ್ತನೇತನ ಕನ್ನಡ ಮೀಡಿಯಂ. ಜಪಾನೀಸ್ ಕಲೀಬೇಕಂತ ಭಾಳ ದಿನದಿಂದ ತಲ್ಯಾಗ ಕುಂತದ. ಪರೀಕ್ಷಾ ಗಿರೀಕ್ಷಾ ಸದ್ಯ ಬ್ಯಾಡ. ಯಾರರೆ ಜಪಾನಿನವರು ಎದುರಿಗಿ ಬಂದ್ರ ಹೆಸರು, ಊರು, ಏನ್ ಓದ್ಲತ್ತೀನಿ, ಊಟ ಆಯ್ತೇನ್ರಿ, ಇಷ್ಟು ಅಂಜಲಾರ್ದೆ ಮಾತಾಡ್ಲಿಕ್ಕ ಬಂದ್ರ ಸಾಕು.

ಇಲ್ಲಿ ಸೂಪರ್ ಮಾರ್ಕೆಟ್ ಕಡಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಬೇಕಾದಷ್ಟು ಅವ. ಜಪಾನೀಸ್ ಅದೇನು ಅಂತ ಒಂದು ಕಡಿ ಕೇಳ್ದೆ, ನಕ್ಕು ಕಳ್ಸಿದ್ರು. ಯೂಟ್ಯೂಬಿನಾಗ ಎಲ್ಲಾ ಇಂಗ್ಲಿಷಿನಾಗೇ ಹೇಳ್ತಾರ, ಎರಡು ಭಾಷಾ ಒಮ್ಮೆಗೇ ತಿಳ್ಕೋಬೇಕಾಗ್ತದ. ನಮ್ಮ ಅಪ್ಪಾಜಿ ಅಂತೂ ‘ಮೊದಲ ಇಂಗ್ಲಿಷ್ ಸುದ್ದ ಮಾಡ್ಕೋ, ಆಮ್ಯಾಲ ಜಪಾನು’ ಅಂತಾರ. ಇಂಗ್ಲಿಷ್ ಚೊಲೊ ಇಲ್ಲಂದ್ರ ಇದು ಆಗಂಗೇ ಇಲ್ಲೇನು? ಆ ಚಿತ್ರದಂಥ ಅಕ್ಷರ ಕಲೀಲಾರ್ದೆ ಬರೇ ಮಾತು ಕಲೀಲಿಕ್ಕ ಬರ್ತದೇನು? ಗೊತ್ತಿದ್ದೋರು ಹೇಳ್ರಿ.

ಕೋಟೆ_ಕಾಕಾ, ಕಲಬುರಗಿ

ಅಲ್ಲವಾ ತಂಗಿ, ಸೈನ್ಸ್ ತಗೊಂಡೀದಿ. ಸಿಇಟಿ, ನೀಟ್ ತಲಿ ಮ್ಯಾಲ ಕುಂತಾವ. ಎರಡು ವರ್ಷ ಅವನ್ನ ನೋಡ್ಕೋ. ಜಪಾನ್ ಎಲ್ಲೂ ಓಡಿ ಹೋಗಂಗಿಲ್ಲ.

ಬೀದರ_ಹುಡುಗ, ಸದ್ಯ ಹೈದರಾಬಾದ್

ಕಾಕಾರ, ದಿನಾ ಅರ್ಧ ತಾಸು ಕೊಟ್ರ ನೀಟ್ ಏನೂ ಹಾಳಾಗಂಗಿಲ್ರಿ. ಆ ಅರ್ಧ ತಾಸು ಹುಡುಗ್ರು ಹ್ಯಾಂಗೂ ರೀಲ್ಸ್ ನೋಡ್ತಾರ.

ತಂಗಿ, ಅಕ್ಷರದ್ದು ಮೊದಲ ಹೇಳ್ತೀನಿ. ಜಪಾನೀಸಿಗಿ ಮೂರು ಲಿಪಿ ಅವ: ಹಿರಗನ, ಕತಕನ, ಕಂಜಿ. ನೀ ‘ಚಿತ್ರದಂಥ’ ಅಂದಿಯಲ್ಲ, ಅದು ಕಂಜಿ. ಜಪಾನ್ ಸರ್ಕಾರ ದಿನಬಳಕಿಗಿ ಅಂತ ಗೊತ್ತುಮಾಡಿದ ಪಟ್ಟ್ಯಾಗ 2136 ಕಂಜಿ ಅವ. ಅದಕ್ಕ ಈಗ ಕೈ ಹಚ್ಚಬ್ಯಾಡ. ಹಿರಗನ, ಕತಕನ ಮಾತ್ರ ಬಿಡಬ್ಯಾಡ. ಒಂದೊಂದರಾಗ ಮೂಲ ಅಕ್ಷರ 46, ಅಷ್ಟೇ. ನಮ್ಮ ಕಾಗುಣಿತ ಕಲ್ತೋರಿಗಿ ಇದು ಲೆಕ್ಕಕ್ಕಿಲ್ಲ.

ಅದರ ಸಾಲು ಓದಿದ್ರ ನಿನಗೇ ನಗು ಬರ್ತದ. ಮೊದಲ ಸ್ವರ: ಅ ಇ ಉ ಎ ಒ. ಆಮ್ಯಾಲ ಕ, ಸ, ತ, ನ, ಹ, ಮ, ಯ, ರ, ವ. ಕಂಠದಿಂದ ತುಟಿ ಕಡಿ ಬಂದು ಬಳಿಕ ಯ ರ ವ. ನಮ್ಮ ವರ್ಣಮಾಲಾದ್ದೇ ದಾರಿ. ಬೌದ್ಧ ಸನ್ಯಾಸಿಗಳು ನಮ್ಮ ದೇಶದ ಸಿದ್ಧಂ ಲಿಪಿ ಅಭ್ಯಾಸ ಮಾಡ್ತಿದ್ರು, ಆ ಅಭ್ಯಾಸದಿಂದ ಬಂದ ಕ್ರಮ ಇದು. ‘ಚ’ ಇರೋ ಜಾಗದಾಗ ‘ಸ’ ಯಾಕ ಕುಂತದ ಅಂತ ಕೇಳಿದ್ರ, ಹಳೇ ಕಾಲದಾಗ ಆ ಸದ್ದು ಚಕಾರದ ಹತ್ರ ಇತ್ತು. ‘ಪ’ ಜಾಗದಾಗಿರೋ ‘ಹ’ ಕೂಡ ಮೊದಲ ‘ಪ’ನೇ. ಅದಕ್ಕೇ ಇವತ್ತೂ ‘ಹ’ ಅಕ್ಷರಕ್ಕ ಎರಡು ಗೀಟು ಹಚ್ಚಿದ್ರ ‘ಬ’, ಸಣ್ಣ ಸೊನ್ನಿ ಹಚ್ಚಿದ್ರ ‘ಪ’ ಆಗ್ತದ. ಕ ಇದ್ದದ್ದು ಗ, ತ ಇದ್ದದ್ದು ದ, ಅದೇ ಎರಡು ಗೀಟಿನಿಂದ.

ಉಚ್ಚಾರದಾಗ ನಾವು ಗೆದ್ದೀವಿ ಅಂತ ತಿಳ್ಕೋ. ಇಂಗ್ಲಿಷಿನೋರು ಹ್ರಸ್ವ-ದೀರ್ಘಕ್ಕ ಒದ್ದಾಡ್ತಾರ. ಒಬಸನ್ ಅಂದ್ರ ಅತ್ತಿ-ಚಿಕ್ಕಮ್ಮ, ಒಬಾಸನ್ ಅಂದ್ರ ಅಜ್ಜಿ. ಕಿತೆ ಅಂದ್ರ ‘ಬಾ’, ಕಿತ್ತೆ ಅಂದ್ರ ಅಂಚೆ ಚೀಟಿ. ದೀರ್ಘ, ಒತ್ತಕ್ಷರ ಎರಡೂ ನಮಗ ಒಂದನೇತ್ತದಿಂದ ಗೊತ್ತದ.

ಆದ್ರ ಒಂದು ಶರ್ತ. ಇಂಗ್ಲಿಷ್ ಸ್ಪೆಲಿಂಗ್ ನೋಡಿ ಓದಬ್ಯಾಡ. ಹಂಗ ಓದಿದ್ರ ‘ವಾಟಾಶಿ’ ಅಂತೀವಿ. ಅದು ‘ವತಶಿ’, ಎಲ್ಲಾ ಹ್ರಸ್ವ. ಟ, ಡ, ಣ ಆ ಭಾಷಾದಾಗ ಇಲ್ಲೇ ಇಲ್ಲ, ನಾಲಿಗಿ ಹಲ್ಲಿಗಿ ಹಚ್ಚು. ‘ದೆಸು’ ಅಂತ ಬರೀತಾರ, ಮಾತಿನಾಗ ಕಡೀ ಉಕಾರ ನುಂಗಿ ‘ದೆಸ್’ ಅಂತಾರ. ಲಕಾರ ಇಲ್ಲ, ಎಲ್ಲಾ ರಕಾರ. ನಮ್ಮೂರು ‘ಬೀದರು’ ಆಗ್ತದ, ನಿಮ್ಮೂರು ‘ಕರಬುರಗಿ’.

ಶಹಾಪುರ_ಸುನಾಮಿ, ಯಾದಗಿರಿ ಜಿಲ್ಲಾ

ಹಂಗಾರ ಯಾದಗಿರಿ ಯಾದಗಿರೀನೇ ಉಳೀತದ 😄 ಮೂರೂ ಜಿಲ್ಲಾದಾಗ ನಾವೇ ಪಕ್ಕಾ.

ಅಕ್ಕಾ, ಕ್ಲಾಸ್ ಗೀಸ್ ಏನೂ ಬ್ಯಾಡ. ಅನಿಮೆ, ಅಂದ್ರ ಜಪಾನಿನ ಕಾರ್ಟೂನ್ ನೋಡು, ಸಬ್‌ಟೈಟಲ್ ಹಚ್ಚಿ. ನಾ ಹಂಗೇ ಕಲ್ತೀನಿ. ಒರೆ, ಒಮಎ, ಉರುಸೈ, ಎಲ್ಲಾ ಬರ್ತದ.

ಆಳಂದ_ಟು_ಬಿಡದಿ

ತಮ್ಮಾ ಶಹಾಪುರ, ನೀ ಕಲ್ತ ಮೂರೂ ಮಾತು ನಮ್ಮ ಪ್ಲಾಂಟಿನಾಗ ಹಿರಿಯರ ಮುಂದ ಅಂದ್ರ ಆವತ್ತೇ ಮಾತು ಬಂದ್ ಮಾಡ್ತಾರ. ‘ಒಮಎ’ ಅಂದ್ರ ‘ಏ ನೀನು’, ‘ಒರೆ’ ಅಂದ್ರ ಗಂಡಸು ಎದಿ ಉಬ್ಬಿಸಿ ‘ನಾನು’ ಅನ್ನೋದು, ‘ಉರುಸೈ’ ಅಂದ್ರ ‘ಬಾಯ್ ಮುಚ್ಚು’ ಅಂಧಂಗ. ಅನಿಮೆ ನೋಡು, ಕಿವಿ ತಯಾರಾಗ್ತದ. ಅಲ್ಲಿ ಜಗಳಾಡೋರ ಮಾತು ತಂದು ದೊಡ್ಡೋರಿಗಿ ಆಡಬ್ಯಾಡ.

ಈಗ ತಂಗಿಗಿ. ನಾ ಆಳಂದ ತಾಲೂಕಿನಾಂವ, ಡಿಪ್ಲೊಮಾ ಮುಗ್ಸಿ ಬಿಡದಿ ಕಡಿ ಜಪಾನಿನವರ ಕಾರ್ಖಾನ್ಯಾಗ ಇದ್ದೀನಿ. ನಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೇ. ಕಂಪನಿಯೋರು ಇಟ್ಟ ಜಪಾನೀಸ್ ಕ್ಲಾಸಿನಾಗ ಹೇಳಿಕೊಡೋರು ಪ್ರತಿ ವಾಕ್ಯ ಇಂಗ್ಲಿಷಿನಾಗ ಬರ್ದು, ಅದನ್ನ ಹಿಂದ ಮುಂದ ತಿರುಗಿಸಿ, ಬಾಣ ಎಳ್ದು ತೋರಿಸ್ತಿದ್ರು. ನಮ್ಮ ಬಾಜು ಕುಂತ ರಾಯಚೂರಿನಾಂವ ‘ಇವರು ಯಾಕ ಇಷ್ಟು ತಿರುಗಾಡ್ಲತ್ತಾರ, ಸೀದಾ ಕನ್ನಡ ಅಲ್ಲೇನು ಇದು’ ಅಂದ. ಖರೇನೇ. ಈ ಸಾಲು ನೋಡು:

ನಾ ನಿನ್ನೆ ಬೀದರದಿಂದ ಕಲಬುರಗಿಗಿ ಬಸ್ಸಿನಾಗ ಬಂದೆ.
ವತಶಿ ವ ಕಿನೋ ಬೀದರು ಕರ ಕರಬುರಗಿ ನಿ ಬಸು ದೆ ಕಿಮಶಿತ.

ಒಂದೊಂದೇ ಶಬ್ದದ ಮ್ಯಾಲ ಬೆರಳಿಡ್ತಾ ಹೋಗು. ‘ಇಂದ’ ಇದ್ದಲ್ಲಿ ಕರ, ‘ಗೆ’ ಇದ್ದಲ್ಲಿ ನಿ, ಬಸ್ಸಿನ ‘-ಆಗ’ ಇದ್ದಲ್ಲಿ ದೆ, ಕ್ರಿಯಾಪದ ಕಡೀಕ. ಅದಕ್ಕ ನಿಮ್ಮ ಅಪ್ಪಾಜಿಗಿ ಹೇಳು: ಇಂಗ್ಲಿಷ್ ಬೇಕೇ ಬೇಕು, ಅದಕ್ಕ ಬ್ಯಾರೆ ಕಾರಣ ಅವ. ಜಪಾನೀಸ್ ಕಲೀಲಿಕ್ಕ ಅದರ ಮ್ಯಾಲಿಂದ ಹಾಯ್ದು ಹೋಗಬೇಕಂತ ಏನಿಲ್ಲ. ಕನ್ನಡದಿಂದ ಸೀದಾ ಹೋಗು.

ಇಂಗ್ಲಿಷಿನೋರು ವಾರಗಟ್ಟಲೆ ಕಲಿಯೋದು ನಮಗ ಪುಕ್ಕಟೆ ಸಿಕ್ಕದ. ತಬೆತೆ ಅಂದ್ರ ತಿಂದು, ಮಿರು ಅಂದ್ರ ನೋಡು. ‘ತಬೆತೆ ಮಿತೆ ಕುದಸೈ’ ಅಂದ್ರ ‘ತಿಂದ್ ನೋಡ್ರಿ’. ತಿಂದು ಕಣ್ಣಿಲೆ ನೋಡು ಅಂತಲ್ಲ, ರುಚಿ ನೋಡು ಅಂತ. ಎರಡೂ ಭಾಷಾದಾಗ ‘ನೋಡು’ ಅದೇ ಕೆಲಸ ಮಾಡ್ತದ. ‘ತಬೆತೆ ಶಿಮತ್ತ’ ಅಂದ್ರ ತಿಂದುಬಿಟ್ಟೆ. ‘ಕುರು ತೊ ಇತ್ತ’ ಅಂದ್ರ ಬರ್ತೀನಿ ಅಂತ ಅಂದ. ಆ ‘ತೊ’ ನಮ್ಮ ‘ಅಂತ’. ಮನಿಯಿಂದ ಹೊರಗ ಹೋಗುವಾಗ ಅವರು ಅನ್ನೋದು ‘ಇತ್ತೆ ಕಿಮಸ್’. ಇತ್ತೆ ಅಂದ್ರ ಹೋಗಿ, ಕಿಮಸ್ ಅಂದ್ರ ಬರ್ತೀನಿ. ನಮ್ಮ ಅವ್ವಂದಿರು ‘ಹೋಗ್ತೀನಿ ಅನ್ನಬ್ಯಾಡ, ಹೋಗಿ ಬರ್ತೀನಿ ಅನ್ನು’ ಅಂತ ಬೈತಾರಲ್ಲ, ಜಪಾನಿನ ಮನ್ಯಾಗೂ ಹೋಗಿ ಬರ್ತೀನೇ.

ಇನ್ನೊಂದು, ಇದು ಬೆಂಗಳೂರು ಕಡೆಯೋರಿಗಿಂತ ನಮಗ ಸಲೀಸು. ನಾವು ಮಾತಿಗಿ ಮಾತಿಗಿ ‘ರಿ’ ಹಚ್ತೀವಿ. ಹೌದ್ರಿ, ಇಲ್ರಿ, ಪುಸ್ತಕರಿ. ಪುಸ್ತಕಕ್ಕ ಏನ್ ಮರ್ಯಾದಿ, ಮರ್ಯಾದಿ ಕೇಳೋರಿಗಿ. ಜಪಾನೀಸಿನ ದೆಸ್, ಮಸ್ ಇವೂ ಹಂಗೇ, ವಾಕ್ಯದ ಬಾಲಕ್ಕ ಹತ್ತಿ ಕೇಳೋರಿಗಿ ಮರ್ಯಾದಿ ಕೊಡ್ತಾವ. ‘ಸೋ ದೆಸ್ ಕ?’ ಅಂದ್ರ ‘ಹಂಗೇನ್ರಿ?’ ನಾ ಹೊಸದಾಗಿ ಬಂದಾಗ ಜಪಾನಿನ ಸರ್ ಮಾತಾಡ್ಲತ್ತಾಗ ನಡು ನಡು ‘ಹೈ’, ‘ಸೋ ದೆಸ್ ಕ’ ಅಂತ ಹೂಂಗುಟ್ಟೋದೇ ಮೊದಲ ಕಲ್ತೆ. ಅವರಿಗಿ ಅದು ಬೇಕೇ ಬೇಕು. ಸುಮ್ನ ಕುಂತ್ರ ಕೇಳ್ಲತ್ತಿಲ್ಲ ಅಂತ ತಿಳೀತಾರ.

ಕೋಟೆ_ಕಾಕಾ

ಇದು ಖರೇನ ಆಳಂದ? ಹಂಗಾದ್ರ ಜಪಾನೀಸ್ ಕನ್ನಡದಿಂದ ಹುಟ್ಟಿದ್ದಿರಬೇಕು. ತಮಿಳಿನಿಂದ ಬಂದದ ಅಂತ ಅವರದೇ ಒಬ್ಬ ಪಂಡಿತರು ಬರ್ದಾರ ಅಂತ ಎಲ್ಲೋ ಓದಿದ್ದೆ.

ಬೀದರ_ಹುಡುಗ

ಅವರು ಸುಸುಮು ಓನೊ ಅಂತ ಕಾಕಾರ. ಜಪಾನೀಸ್-ತಮಿಳು ನಂಟಿನ ಬಗ್ಗೆ ಭಾಳ ಬರ್ದಾರ. ಆದ್ರ ಭಾಷಾ ವಿಜ್ಞಾನಿಗಳು ಹೆಚ್ಚಿನೋರು ಅದನ್ನ ಒಪ್ಪಿಲ್ಲ. ವಾಕ್ಯ ಕಟ್ಟೋ ರೀತಿ ಒಂದೇ ಇದ್ರ ಬೀಗರು ಅಂತ ಆಗಂಗಿಲ್ಲ. ಕೊರಿಯನ್, ಟರ್ಕಿಶ್, ಮಂಗೋಲಿಯನ್ ಇವೂ ಕ್ರಿಯಾಪದ ಕಡೀಕ ಇಡ್ತಾವ. ಫಾಯ್ದೆ ತಗೋರಿ, ವಂಶಾವಳಿ ಹುಡುಕಬ್ಯಾಡ್ರಿ.

ಮತ್ತ ಆಳಂದ ಅಣ್ಣಾರು ಬರೇ ಸಿಹಿ ಹೇಳ್ಯಾರ. ಕನ್ನಡದಿಂದ ಹೋದ್ರ ಬೀಳೋ ತಗ್ಗೂ ಅವ. ನಾವು ‘ಮನ್ಯಾಗ ಅದ’, ‘ಮನ್ಯಾಗ ಓದ್ತೀನಿ’ ಎರಡಕ್ಕೂ ‘-ಆಗ’ ಅಂತೀವಿ. ಅವರು ಇರೋದಕ್ಕ ‘ಉಚಿ ನಿ’, ಕೆಲಸ ಮಾಡೋದಕ್ಕ ‘ಉಚಿ ದೆ’ ಅಂತಾರ. ‘ಇದು, ಅದು’ ನಮ್ಮಲ್ಲಿ ಎರಡು, ಅವರಲ್ಲಿ ಮೂರು: ಕೊರೆ ನನ್ನ ಹತ್ರ ಇರೋದು, ಸೊರೆ ನಿನ್ನ ಹತ್ರ ಇರೋದು, ಅರೆ ಇಬ್ಬರಿಗೂ ದೂರ ಇರೋದು. ಎಣಿಕಿ ಅಂತೂ ದೊಡ್ಡ ಕಾಟ. ನಾವು ಮಂದಿಗಿ ಒಬ್ಬ, ಇಬ್ಬರು ಅಂತ ಬ್ಯಾರೆ ಮಾಡ್ತೀವಿ, ಅಲ್ಲಿಗಿ ಮುಗೀತು. ಅವರು ಪೆನ್ನಿನಂಥ ಉದ್ದದ್ದಕ್ಕ ಇಪ್ಪೊನ್, ನಿಹೊನ್, ಸಂಬೊನ್. ಕಾಗದದಂಥ ತೆಳ್ಳಂದಕ್ಕ ಇಚಿಮೈ, ನಿಮೈ. ಮಂದಿಗಿ ಹಿತೊರಿ, ಫುತರಿ. ಮೊದಲ ಹಿತೊತ್ಸು, ಫುತತ್ಸು, ಮಿತ್ತ್ಸು ಅಂತ ಹತ್ತರತನ ಕಲಿ. ಅಂಗಡ್ಯಾಗ ಅದರ ಮ್ಯಾಲೇ ಕೆಲಸ ನಡೀತದ. ‘ವತಶಿ ವ’ ಅಂದಾಗ ಬರೋ ‘ವ’ ಮತ್ತ ಅದೇ ಜಾಗದಾಗ ಬರೋ ‘ಗ’ ನಡುವಿನ ಫರಕು ಸದ್ಯ ತಲಿಗಿ ಹಚ್ಕೋಬ್ಯಾಡ, ಅದು ವರ್ಷಗಟ್ಟಲೆ ಕಲ್ತೋರಿಗೂ ಕಾಡ್ತದ.

ಹಗುರ ಆಗೋದು ಏನಂದ್ರ, ಬಂದೆ-ಬಂದಿ-ಬಂದ-ಬಂದ್ಳು-ಬಂದ್ರು ಎಲ್ಲಾಕ್ಕೂ ‘ಕಿಮಶಿತ’ ಒಂದೇ.

ಗುರುಮಠಕಲ್_ಟೀಚರ್

ನಾನು ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತೇನೆ. ಜಪಾನೀಸ್ ಹವ್ಯಾಸಕ್ಕೆ ಕಲಿತದ್ದು, ಪಂಡಿತಳಲ್ಲ.

ಮಗು, ಟಿಪ್ಪಣಿಯನ್ನು ಕನ್ನಡ ಲಿಪಿಯಲ್ಲಿ ಮಾಡಿಕೊಳ್ಳಲು ನಾಚಿಕೊಳ್ಳಬೇಡ. ಎ-ಏ, ಒ-ಓ ಎರಡೆರಡು ಇರುವ ನಮ್ಮ ಲಿಪಿ ಜಪಾನೀಸ್ ಸದ್ದನ್ನು ರೋಮನ್ ಅಕ್ಷರಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಕಾರ್ಖಾನೆಗಳಲ್ಲಿ ಗೋಡೆಗೆ ಹಚ್ಚುವ, ಅಚ್ಚುಕಟ್ಟಿನ ಐದು ಜಪಾನೀಸ್ ಪದಗಳಾದ ಐದು ‘ಎಸ್’ಗಳಲ್ಲಿ ಮೊದಲನೆಯದನ್ನು ರೋಮನ್‌ನಲ್ಲಿ ಓದಿ ಎಷ್ಟೋ ಜನ ‘ಸೈರಿ’ ಎನ್ನುತ್ತಾರೆ. ಅದು ‘ಸೇರಿ’. ಆದರೆ ಹಿರಗನ ಓದಲು ಬಂದ ಮೇಲೆ ಕನ್ನಡ ಲಿಪಿಯನ್ನು ಬಿಟ್ಟುಬಿಡು. ಇಲ್ಲದಿದ್ದರೆ ಕಣ್ಣು ಯಾವಾಗಲೂ ಕನ್ನಡದ ಸಾಲನ್ನೇ ಹುಡುಕುತ್ತದೆ.

ಸಂಬಂಧದ ಪದಗಳು ಇಂಗ್ಲಿಷಿನವರಿಗೆ ಕಷ್ಟ, ನಮಗಲ್ಲ. ಅಣ್ಣ, ತಮ್ಮ, ಅಕ್ಕ, ತಂಗಿ ನಾಲ್ಕಕ್ಕೂ ಅವರಲ್ಲಿ ಬೇರೆ ಬೇರೆ ಪದಗಳಿವೆ: ಅನಿ, ಒತೋತೊ, ಅನೆ, ಇಮೋತೊ. ತೊಡಕು ಇನ್ನೊಂದು ಕಡೆ ಇದೆ. ನಮ್ಮ ಮನೆಯವರ ಬಗ್ಗೆ ಹೊರಗಿನವರ ಮುಂದೆ ಹೇಳುವಾಗ ತಗ್ಗಿಸಿ ಹೇಳಬೇಕು. ನನ್ನ ತಂದೆ ‘ಚಿಚಿ’, ನಿಮ್ಮ ತಂದೆ ‘ಒತೋಸನ್’. ನನ್ನ ತಾಯಿ ‘ಹಹ’, ನಿಮ್ಮ ತಾಯಿ ‘ಒಕಾಸನ್’. ಇಲ್ಲಿ ನಾವು ‘ನಮ್ಮ ಅಪ್ಪಾಜಿಯವರು ಬಂದಾರ್ರಿ’ ಎಂದು ಯಾರ ಮುಂದಾದರೂ ಬಹುವಚನ ಹಚ್ಚುವವರು. ಅಲ್ಲಿ ಅದು ನಡೆಯುವುದಿಲ್ಲ.

ಇನ್ನು ಹಿರಿಯಳಾಗಿ ಒಂದು ಮಾತು. ಭಾಷೆ ವಿನಿಮಯ ಮಾಡಿಕೊಳ್ಳುವ ಆಪ್‌ಗಳು ಬೇಕಾದಷ್ಟಿವೆ. ಹದಿನಾರರ ಹುಡುಗಿಗೆ ಅಪರಿಚಿತರ ಜೊತೆ ಒಬ್ಬಳೇ ಕುಳಿತು ಮಾತನಾಡುವುದು ಬೇಡ. ಫೋಟೊ, ನಂಬರ್, ಕಾಲೇಜಿನ ಹೆಸರು ಯಾರಿಗೂ ಕೊಡಬೇಡ. ಮಾತನಾಡಿದರೂ ಮನೆಯವರು ಇರುವ ಕೋಣೆಯಲ್ಲೇ ಕುಳಿತು, ಸ್ಪೀಕರ್ ಹಾಕಿಕೊಂಡು ಮಾತಾಡು.

ಖ್ವಾಜಾ_ಬಜಾರ್, ಕಲಬುರಗಿ

ಟೀಚರ್ ಹೇಳಿದ್ದು ಬರೋಬ್ಬರ್ ಅದ.

ನಮ್ಮ ಮನ್ಯಾಗ ದಖ್ನಿ, ಗಲ್ಲ್ಯಾಗ ಕನ್ನಡ, ಅಂಗಡ್ಯಾಗ ಎರಡೂ. ಕಲಬುರಗಿ ಮಂದಿಗಿ ಭಾಷಾ ಬದಲ್ ಮಾಡೋದು ಹೊಸಾದಲ್ಲ. ಇಂಗ್ಲಿಷ್ ಕಷ್ಟ ಅಂದ್ರ ಎನ್‌ಎಚ್‌ಕೆ ವರ್ಲ್ಡ್ ನೋಡು, ಅದು ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥಾದ್ದು. ಅವರ ಜಪಾನೀಸ್ ಪಾಠ ಹಿಂದಿಯೊಳಗೂ ಅವ, ಉರ್ದುದಾಗೂ ಅವ, ರೊಕ್ಕ ಇಲ್ಲ. ನಾ ಹಿಂದಿಯೊಳಗಿಂದು ಕೇಳ್ತೀನಿ. ಹಿಂದಿ-ಉರ್ದು ವಾಕ್ಯಾನೂ ಇದೇ ಸಾಲಿನಾಗ ಬರ್ತದ, ಅದಕ್ಕ ಪಾಠ ಹೇಳೋರು ಉಲ್ಟಾ ಪಲ್ಟಾ ಮಾಡಂಗಿಲ್ಲ.

ಜಪಾನ್ ಫೌಂಡೇಶನ್‌ದೋರು ‘ಇರೊದೊರಿ’ ಅಂತ ಪುಸ್ತಕ ಮಾಡ್ಯಾರ. ಪಿಡಿಎಫ್, ಆಡಿಯೊ ಎರಡೂ ಪುಕ್ಕಟೆ ಡೌನ್‌ಲೋಡ್ ಆಗ್ತದ. ಅಂಗಡಿ, ಬಸ್ಸು, ಊಟ, ಅದೇ ದಿನಾಲು ಮಾತು. ನಿನಗ ಬೇಕಾದ್ದು ಅದೇ.

ತೊಗರಿಬ್ಯಾಳಿ

ಎಲ್ಲರಿಗೂ ಭಾಳ ಥ್ಯಾಂಕ್ಸ್ ರಿ. ಅಪ್ಪಾಜಿಗಿ ಆಳಂದ ಅಣ್ಣಾರ ವಾಕ್ಯ ತೋರಿಸ್ದೆ. ಬೆರಳಿಟ್ಟು ಎರಡು ಸಲ ಓದಿ, ‘ಹೂಂ, ಇದು ಬ್ಯಾರೆ ಕಥಿ ಅದ’ ಅಂದ್ರು. ಬ್ಯಾಡ ಅಂದಿಲ್ಲ.

ಹಿರಗನ ಕಲ್ತೆ. ‘ನು’ ಮತ್ತ ‘ಮೆ’, ‘ರು’ ಮತ್ತ ‘ರೊ’ ಇನ್ನೂ ಅದಲಿ ಬದಲಿ ಆಗ್ತಾವ. ನನ್ನ ಪರಿಚಯ ಬರ್ದೀನಿ, ತಪ್ಪಿದ್ರ ತಿದ್ರಿ. ಶಹಾಪುರ, ನೀ ನಗಬ್ಯಾಡ.

ಹಜಿಮೆಮಶಿತೆ. ವತಶಿ ವ ತೊಗರಿಬ್ಯಾಳಿ-ಸನ್ ದೆಸ್. ವತಶಿ ವ ಕರಬುರಗಿ ಕರ ಕಿಮಶಿತ. ವತಶಿ ವ ಜೂರೊಕು ಸೈ ದೆಸ್. ವತಶಿ ವ ಬೆನ್ಕ್ಯೋ ಶಿಮಸ್. ವತಶಿ ನೊ ಒತೋಸನ್ ವ ಸೆನ್ಸೇ ದೆಸ್. ಉಚಿ ನಿ ಇನು ಗ ಅರಿಮಸ್. ಗೊಹನ್ ವೊ ತಬೆಮಶಿತ ಕ?

ಆಳಂದ_ಟು_ಬಿಡದಿ

ಶಾಬಾಶ್! ಇದು ಕೇಳಿದ್ರ ಯಾವ ಜಪಾನಿನವರಿಗೂ ತಿಳೀತದ. ಈಗ ತಿದ್ತೀನಿ.

‘ಸನ್’ ನಿನ್ನ ಹೆಸರಿಗಿ ನೀನೇ ಹಚ್ಚಬ್ಯಾಡ, ಅದು ಮಂದಿ ಹೆಸರಿಗಿ. ‘ನಾನು ತೊಗರಿಬ್ಯಾಳಿಯವರು’ ಅಂಧಂಗ ಆಗ್ತದ. (ಳಕಾರಾನೂ ಇಲ್ಲ ಅವರಿಗಿ. ತೊಗರಿಬ್ಯಾರಿ ಆಗ್ತೀ.) ‘ವತಶಿ ವ’ ಒಮ್ಮೆ ಅಂದ್ರ ಮುಗೀತು. ಕನ್ನಡದಾಗ ನೀ ‘ನಾ ಕಲಬುರಗಿಯಾಕಿ, ನಾ ಹದಿನಾರು, ನಾ ಓದ್ತೀನಿ’ ಅಂತೀಯೇನು? ‘ಕಲಬುರಗಿಯಾಕಿ, ಹದಿನಾರು ವರ್ಷ, ಪಿಯುಸಿ ಓದ್ಲತ್ತೀನಿ’ ಅಂತೀ. ಅಲ್ಲೂ ಅಷ್ಟೇ.

ಮತ್ತ ‘ಓದ್ಲತ್ತೀನಿ’ ಅನ್ಲಿಕ್ಕ ‘ಬೆನ್ಕ್ಯೋ ಶಿತೆ ಇಮಸ್’ ಅನ್ಬೇಕು. ‘ಶಿಮಸ್’ ಅಂದ್ರ ‘ಓದ್ತೀನಿ’, ನಾಳಿಂದ ಓದೋರೂ ಅದನ್ನೇ ಅಂತಾರ. ಅಪ್ಪಾಜಿ ‘ಚಿಚಿ’, ಟೀಚರಮ್ಮ ಮೊದಲೇ ಹೇಳ್ಯಾರ. ಇನ್ನೂ ಒಂದು: ಅಪ್ಪಾಜಿ ಮಾಸ್ತರ್ ಇದ್ರೂ ‘ಸೆನ್ಸೇ’ ಅನಬ್ಯಾಡ, ಅದು ಮರ್ಯಾದಿ ಮಾತು. ನಮ್ಮ ಮನಿಯೋರ ನೌಕರಿ ಹೇಳುವಾಗ ‘ಕ್ಯೋಶಿ’.

ನಾಯಿ. ನಾವು ‘ಮನಿಯೋಳಗ ನಾಯಿ ಅದ’ ಅಂತೀವಿ, ಕಪಾಟೂ ಅದ, ನಾಯೀನೂ ಅದ. ಅವರು ಜೀವ ಇದ್ದದ್ದಕ್ಕ, ಮನುಷ್ಯಾ ಇರ್ಲಿ ಇರಿವಿ ಇರ್ಲಿ, ‘ಇಮಸ್’ ಅಂತಾರ. ಕಪಾಟಿಗಿ ‘ಅರಿಮಸ್’. ‘ಇನು ಗ ಇಮಸ್’ ಮಾಡು.

ಕಡೀದು ವ್ಯಾಕರಣದ ತಪ್ಪಲ್ಲ. ‘ಊಟ ಆಯ್ತೇನ್ರಿ’ ಅಂತ ಕ್ಷೇಮ ಕೇಳೋ ಪದ್ಧತಿ ಅವರಲ್ಲಿಲ್ಲ. ಭೆಟ್ಟಿಯಾದ ಕೂಡ್ಲೆ ಕೇಳಿದ್ರ ಊಟಕ್ಕ ಕರೀಲತ್ತಾಳೇನೋ ಅಂತ ಯೋಚನಿ ಮಾಡ್ತಾರ. ಅವರು ಹವಾಮಾನದ ಮಾತಿನಿಂದ ಶುರು ಮಾಡ್ತಾರ. ‘ಕ್ಯೋ ವ ಅತ್ಸುಯಿ ದೆಸ್ ನೆ’, ಇವತ್ತು ಬಿಸಿಲು ಭಾಳ ಅದಲ್ರಿ. ಕಲಬುರಗಿಯೋರಿಗಿ ಮಾರ್ಚಿನಿಂದ ಜೂನ್‌ತನ ಈ ಒಂದು ವಾಕ್ಯ ಸಾಕು.

ಶಹಾಪುರ_ಸುನಾಮಿ

ನಗ್ಲಿಲ್ಲ ಅಕ್ಕಾ. ನಾನೂ ಬರೀಬೇಕಂತ ಮಾಡೀನಿ. ಹುಡುಗ್ರು ‘ನಾನು’ ಅನ್ಲಿಕ್ಕ ‘ಒರೆ’ ಬ್ಯಾಡ ಅಂದ್ರ ಏನನ್ಬೇಕು?

ಬೀದರ_ಹುಡುಗ

‘ಬೊಕು’ ಅನ್ನು, ಇಲ್ಲಾ ‘ವತಶಿ’. ಎದುರಿನೋರಿಗಿ ‘ಅನತ’ ಅಂತ ಪುಸ್ತಕದಾಗ ಇರ್ತದ, ಅದೂ ಬ್ಯಾಡ. ಹೆಸರಿಗಿ ‘ಸನ್’ ಹಚ್ಚಿ ಕರಿ, ಸಾಕು.

ಹುಮನಾಬಾದ್_ಎಕ್ಸ್‌ಪ್ರೆಸ್, ಬೀದರ್ ಜಿಲ್ಲಾ

ನಡುವ ಬಾಯಿ ಹಾಕ್ತೀನಿ, ಮಾಫ್ ಮಾಡ್ರಿ. ನಮ್ಮ ಮನ್ಯಾಗ ತಮ್ಮಗ ಒಬ್ಬ ಏಜೆಂಟ್ ಗಂಟುಬಿದ್ದಾನ. ‘ಮೂರು ತಿಂಗಳು ಜಪಾನೀಸ್, ಆಮ್ಯಾಲ ಜಪಾನಿನಾಗ ನೌಕರಿ, ಅಡ್ವಾನ್ಸ್ ಕೊಡ್ರಿ’ ಅಂತಾನ. ತಮ್ಮಗ ಈಗ 17. ಇದು ನಂಬೋ ಮಾತೇನ್ರಿ?

ಬೀದರ_ಹುಡುಗ

ಅಣ್ಣಾ, ಒಂದು ಪೈಸಾ ಕೊಡಬ್ಯಾಡ. ‘ಸ್ಪೆಸಿಫೈಡ್ ಸ್ಕಿಲ್ಡ್ ವರ್ಕರ್’ ಅಂತ ಜಪಾನಿನ ವೀಸಾ ಖರೇನೇ ಅದ, 2021ರ ಜನವರಿಯೊಳಗ ಭಾರತ-ಜಪಾನ್ ನಡುವ ಅದಕ್ಕ ಒಪ್ಪಂದಾನೂ ಆಗ್ಯದ. ಆದ್ರ 18 ತುಂಬಿರಬೇಕು. ಕೆಲಸದ ಕೌಶಲ ಪರೀಕ್ಷಾ ಬ್ಯಾರೆ, ಭಾಷಾ ಪರೀಕ್ಷಾ ಬ್ಯಾರೆ, ಎರಡೂ ಪಾಸಾಗಬೇಕು. ಭಾಷಾಕ್ಕ ಜೆಎಲ್‌ಪಿಟಿ ಅನ್ನೋ ಜಪಾನೀಸ್ ಪರೀಕ್ಷಾದ ಎನ್4 ಮಟ್ಟ, ಇಲ್ಲಾ ಜೆಎಫ್‌ಟಿ-ಬೇಸಿಕ್ ಅನ್ನೋ ಇನ್ನೊಂದು ಪರೀಕ್ಷಾ. ಅಕ್ಷರಾನೇ ಬರ್ಲಾರ್ದಾಂವಗ ಮೂರು ತಿಂಗಳಿನಾಗ ಎನ್4 ಮಾಡಿಸ್ತೀನಿ ಅನ್ನೋಂವ ರೊಕ್ಕದ ಸಲುವಾಗಿ ಅನ್ಲತ್ತಾನ.

ತಮ್ಮ ಓದಾಂವಿದ್ರ ಪಿಯುಸಿ ಮ್ಯಾಲ ಜಪಾನ್ ಸರ್ಕಾರದ ‘ಮೆಕ್ಸ್ಟ್’ ಸ್ಕಾಲರ್‌ಶಿಪ್ ಅದ, ರಾಯಭಾರ ಕಚೇರಿ ಮೂಲಕ ಅರ್ಜಿ. ಸಿಕ್ಕೋರಿಗಿ ಮೊದಲನೇ ವರ್ಷ ಅಲ್ಲೇ ಜಪಾನೀಸ್ ಹೇಳಿಕೊಡ್ತಾರ. ಲೆಕ್ಕ, ಇಂಗ್ಲಿಷ್ ಪೇಪರ್ ಅವ, ಭಾಳ ಬಿಗಿ ಇರ್ತದ. ಏಜೆಂಟ್ ಯಾರೂ ಬೇಕಾಗಂಗಿಲ್ಲ.

ಕೋಟೆ_ಕಾಕಾ

ಲೆಕ್ಕ, ಇಂಗ್ಲಿಷ್ ಪೇಪರ್. ನಾ ಮೊದಲೇ ಹೇಳಿದ್ದೆ 🙂

ತಂಗಿ, ಇಷ್ಟೆಲ್ಲಾ ಮಾಡ್ತೀ ಅಂದ್ರ ಒಂದು ಸರ್ಟಿಫಿಕೇಟರೆ ಮಾಡ್ಕೋ. ಆ ಎನ್5 ಅಂತಾರಲ್ಲ, ಅದು ಹ್ಯಾಂಗ?

ಬೀದರ_ಹುಡುಗ

ಜೆಎಲ್‌ಪಿಟಿ 1984ರಿಂದ ನಡೀಲತ್ತದ, 2010ರಿಂದ ಐದು ಮಟ್ಟ, ಎನ್5 ಎಲ್ಲಾಕಿಂತ ಕೆಳಗಿಂದು. ಜುಲೈ, ಡಿಸೆಂಬರ್ ಎರಡು ಸಲ, ಭಾನುವಾರ. ವಯಸ್ಸಿನ ಮಿತಿ ಇಲ್ಲ. 180ಕ್ಕ 80 ಬರಬೇಕು, ಅದರೊಳಗ ಕೇಳೋ ಭಾಗದ 60ಕ್ಕ 19 ಬರ್ಲಿಲ್ಲಂದ್ರ ಉಳಿದದ್ದು ಎಷ್ಟು ಬಂದ್ರೂ ಫೇಲ್. ಕಲಬುರಗ್ಯಾಗ ಸೆಂಟರ್ ಇಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ ಒಂದು ಕಡಿ ಬೆಂಗಳೂರಿಗಿ, ಒಂದು ಕಡಿ ಪುಣೆಗಿ ಹೋಗ್ತದಲ್ಲ, ಎರಡೂ ಊರಾಗ ಸೆಂಟರ್ ಅವ. ನಿಮಗ ಪುಣೆ ಹತ್ರ.

ಆದ್ರ ಕಾಕಾರ, ಆ ಪರೀಕ್ಷಾದಾಗ ಒಂದು ಮಾತೂ ಆಡೋದಿಲ್ಲ. ಎಲ್ಲಾ ಗುರುತು ಹಾಕೋದು. ಎನ್5 ಏನು, ಎನ್1 ಪಾಸಾದ್ರೂ ಬಾಯಿ ಬಿಡ್ಲಾರ್ದೋರು ಇರ್ತಾರ. ತಂಗಿ ಕೇಳಿದ್ದು ಮಾತಿಂದು.

ಆಳಂದ_ಟು_ಬಿಡದಿ

ಅದಕ್ಕೇ ಹೇಳ್ತೀನಿ, ಬಾಯಿ ಆಡ್ಸೋದು ಮುಖ್ಯ. ನಾ ಮಾಡಿದ್ದು ಹಿಂಗ: ಆಡಿಯೊ ಒಂದು ಸಾಲು ಕೇಳೋದು, ಅದು ಮುಗಿಯೋದರೊಳಗೇ ಅದರ ಹಿಂದ ಹಿಂದ ಅಂತಾ ಹೋಗೋದು. ಅರ್ಥ ಆಮ್ಯಾಲ. ಫೋನಿನಾಗ ರೆಕಾರ್ಡ್ ಮಾಡಿ ಎರಡೂ ಬಾಜು ಬಾಜು ಕೇಳು. ನಮ್ಮೋರು ಪ್ರತಿ ಶಬ್ದದ ಮೊದಲ ಅಕ್ಷರದ ಮ್ಯಾಲ ಜೋರು ಹಾಕ್ತೀವಿ. ಅವರಲ್ಲಿ ಜೋರಲ್ಲ, ಸ್ವರ ಏರಿಳಿತದ. ‘ಹಶಿ’ ಏರಿಂದ ಇಳಿದ್ರ ಊಟದ ಕಡ್ಡಿ, ಇಳಿವಿನಿಂದ ಏರಿದ್ರ ಸೇತುವೆ. ಇದು ಕನ್ನಡ ಲಿಪಿಯೊಳಗೂ ಹಿಡಿಯಂಗಿಲ್ಲ, ಹಿರಗನದಾಗೂ ಹಿಡಿಯಂಗಿಲ್ಲ. ಕಿವೀನೇ ಬೇಕು.

ಗುರುಮಠಕಲ್_ಟೀಚರ್

ಇಷ್ಟು ಜನ ಇದ್ದೇವಲ್ಲ, ನಮ್ಮನಮ್ಮಲ್ಲೇ ವಾರಕ್ಕೊಮ್ಮೆ ಗುಂಪು ಕರೆ ಮಾಡಬಾರದೇಕೆ? ತೊಗರಿಬ್ಯಾಳಿ ತನ್ನ ತಾಯಿಯನ್ನೋ ತಂದೆಯನ್ನೋ ಪಕ್ಕದಲ್ಲಿ ಕೂಡಿಸಿಕೊಳ್ಳಲಿ. ಶಹಾಪುರದವನೂ ಅಷ್ಟೇ. ಕನ್ನಡಕ್ಕೆ ಅವಕಾಶ ಕೊನೆಯ ಹತ್ತು ನಿಮಿಷ ಮಾತ್ರ.

ಶಹಾಪುರ_ಸುನಾಮಿ

ನಮ್ಮ ಅಪ್ಪನ್ನ ಕೂಡಿಸ್ಕೊಂಡು ಜಪಾನೀಸಾ 😭 ಆಯ್ತ್ರಿ ಟೀಚರ್.

ತೊಗರಿಬ್ಯಾಳಿ

ಭಾನುವಾರ ಸಂಜೀಕ ಇಡ್ರಿ. ನಿಚಿಯೋಬಿ, ಶಿಚಿಜಿ?

ಆಳಂದ_ಟು_ಬಿಡದಿ

ಫೋನಿನಾಗ ‘ಶಿಚಿಜಿ’ ಅನಬ್ಯಾಡ, ‘ಇಚಿಜಿ’ ಕೇಳಿಸ್ತದ, ಮಂದಿ ಮಧ್ಯಾಹ್ನ ಒಂದಕ್ಕ ಬರ್ತಾರ. ಗೊಂದಲ ಬ್ಯಾಡಂತ ಅವರೂ ‘ನನಜಿ’ ಅಂತಾರ. ನನಗ ಏಳಕ್ಕ ಶಿಫ್ಟ್ ಬಿಡಂಗಿಲ್ಲ. ಎಂಟು ಮಾಡ್ರಿ.

ಖ್ವಾಜಾ_ಬಜಾರ್

ಎಂಟಕ್ಕ ಅಂಗಡಿ ಮುಚ್ಚಿರ್ತದ, ನಾನೂ ಬರ್ತೀನಿ. ಹಚಿಜಿ ಪಕ್ಕಾ.

ಕೋಟೆ_ಕಾಕಾ

ನಾನೂ ಕೇಳ್ತಾ ಕುಂಡ್ರಬಹುದೇನು? ಮಾತಾಡಂಗಿಲ್ಲ. ಬರೇ ಸೋ ದೆಸ್ ಕ ಅಂತೀನಿ.